ಹಬ್ಬ ನಡೆಯಲಿ, ಫೋಟೊ ಜೊತೆಗಿರಲಿ

— ಮಾವ, ಮಹಾಲಯ ಅಮಾವಾಸ್ಯೆ ಕಳೆದು ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸೋ ಹೊತ್ತಿಗೆ ನಾವು ಮೈಸೂರಿಗೆ ಬಂದುಬಿಡ್ತೀವಿ. ಮಕ್ಕಳಿಗೆ ದಸರಾ ರಜ. ಈ ಸಲವಾದರೂ ಗೊಂಬೆ ಮುಂದೆ ಇಬ್ಬರದೂ ಒಂದು ಒಳ್ಳೇ ಫೋಟೊ ಆಗಬೇಕು. ನೀವು ಅಷ್ಟು ವರ್ಷ ಸ್ಟುಡಿಯೊ ನಡೆಸಿದವರು, ಹೇಳಿಕೊಡಿ.

— ಹೋದ ವರ್ಷ ಯಾವ ಹೊತ್ತಿನಲ್ಲಿ ತೆಗೆದಿರಿ?

— ಸಂಜೆ. ಆರತಿ ಮುಗಿದು, ಬಂದವರೆಲ್ಲ ಅರಿಶಿನ ಕುಂಕುಮ ತಗೊಂಡು ಹೋದಮೇಲೆ. ದೊಡ್ಡವಳಿಗೆ ರೇಷ್ಮೆ ಲಂಗ, ಚಿಕ್ಕವನಿಗೆ ಪಂಚೆ, ಶಲ್ಯ. ಅವಳು ನಿಂತರೆ ಇವನು ಓಡ್ತಾನೆ, ಇವನನ್ನು ಹಿಡಿದು ತಂದರೆ ಅವಳು ಮುಖ ಊದಿಸ್ತಾಳೆ. ಫೋನಿನಲ್ಲಿ ರಾಶಿ ಫೋಟೊ ಇವೆ. ಗೋಡೆಗೆ ಹಾಕೋ ಹಾಗಿರೋದು ಒಂದೂ ಇಲ್ಲ.

— ಎರಡು ವರ್ಷದ ಮಗುವಿಗೆ ಸಂಜೆ ಏಳೂವರೆ ಅಂದರೆ ಊಟದ ಹೊತ್ತೂ ಅದೇ, ನಿದ್ದೆಯ ಹೊತ್ತೂ ಅದೇ. ಅದರ ಮೇಲೆ ಚುಚ್ಚೋ ಜರಿ, ಬಿಗಿದು ಕಟ್ಟಿದ ಪಂಚೆ, ಬಂದುಹೋಗೋ ಜನ, ಸೀರಿಯಲ್ ಸೆಟ್ಟಿನ ಮಿಣಮಿಣ. ಇಷ್ಟರ ನಡುವೆ ಮಗು ಅಳದೇ ಇದ್ದರೇ ಆಶ್ಚರ್ಯಪಡಬೇಕು. ಬೆಳಗ್ಗೆ ತೆಗಿ. ಸ್ನಾನ ಆಗಿ, ಹೊಟ್ಟೆ ತುಂಬಿ, ಮಧ್ಯಾಹ್ನದ ನಿದ್ದೆಗೆ ಇನ್ನೂ ಹೊತ್ತಿರೋ ಸಮಯ. ನಿಮ್ಮಜ್ಜಿ ಗೊಂಬೆ ಕೂರಿಸೋ ಹಾಲಿಗೆ ಪೂರ್ವದ ಕಿಟಕಿ ಇದೆ. ಎಂಟರಿಂದ ಒಂಬತ್ತೂವರೆವರೆಗೆ ಆ ಬೆಳಕಿಗಿಂತ ಒಳ್ಳೇದು ನಿನಗೆ ಯಾವ ಸ್ಟುಡಿಯೊದಲ್ಲೂ ಸಿಗೋದಿಲ್ಲ.

— ಆದರೆ ಗೊಂಬೆ ಅಂದರೆ ಸಂಜೆಯ ದೀಪದಲ್ಲೇ ಅಲ್ವಾ ಚೆಂದ?

— ಕಣ್ಣಿಗೆ ಚೆಂದ. ಕ್ಯಾಮೆರಾಗೆ ಅಲ್ಲಿ ಮೂರು ನಮೂನೆಯ ಬೆಳಕು ಒಟ್ಟಿಗೆ ಸಿಗುತ್ತೆ. ಎಣ್ಣೆ ದೀಪದ ಬೆಳಕು 2000 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಕೆಂಪು ಬೆರೆತ ಹಳದಿ. ಟ್ಯೂಬ್‌ಲೈಟು ಬೆಳ್ಳಗೆ, ಕೆಲವದರಲ್ಲಿ ಹಸಿರಿನ ಛಾಯೆ. ಸೀರಿಯಲ್ ಸೆಟ್ಟು ನೀಲಿ, ಕೆಂಪು, ಹಸಿರು. ಯಾವುದನ್ನು ಬಿಳಿ ಅಂತ ಹಿಡಿಯಬೇಕೋ ಫೋನಿಗೆ ಗೊತ್ತಾಗೋದಿಲ್ಲ. ಮಗುವಿನ ಒಂದು ಕೆನ್ನೆ ಅರಿಶಿನ, ಇನ್ನೊಂದು ಬೂದಿ. ಹಗಲು ಬೆಳಕು ಸುಮಾರು 5500 ಕೆಲ್ವಿನ್. ಅದೊಂದನ್ನೇ ಬಿಟ್ಟುಕೊಂಡು ಮನೆಯ ಟ್ಯೂಬ್‌ಲೈಟು ಆರಿಸಿಬಿಟ್ಟರೆ ಮೈಬಣ್ಣ ಇದ್ದ ಹಾಗೇ ಬರುತ್ತೆ.

— ಆದರೂ ಫೋಟೊ ಮಸುಕಾಗುತ್ತಲ್ಲ, ಅದು ಯಾಕೆ? ಫೋನೇನೂ ಹಳೇದಲ್ಲ.

— ಅದಕ್ಕೂ ಬೆಳಕೇ ಕಾರಣ. ಬೆಳಕು ಕಮ್ಮಿ ಆದಷ್ಟೂ ಕ್ಯಾಮೆರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡಬೇಕು. 1/30 ಸೆಕೆಂಡಿನಲ್ಲಿ ಮಗು ಕೈ ಬೀಸಿದರೆ ಕೈ ಇದ್ದಲ್ಲಿ ಒಂದು ಮೋಡ. 1/250 ಸೆಕೆಂಡು ಸಿಕ್ಕಿದರೆ ಬೆರಳು ಬೆರಳೂ ಕಾಣುತ್ತೆ. ನಿಮ್ಮ ಫೋನಿನ ನೈಟ್ ಮೋಡ್ ಇನ್ನೂ ಮುಂದೆ ಹೋಗಿ, ಒಂದೆರಡು ಸೆಕೆಂಡು ಹಿಡಿದು ಹಲವು ಚಿತ್ರಗಳನ್ನು ಬೆಸೆಯುತ್ತೆ. ಕದಲದ ಅರಮನೆಗೆ ಅದು ಸರಿ, ಎರಡು ವರ್ಷದ ಹುಡುಗನಿಗೆ ಅಲ್ಲ. ಮಗುವನ್ನು ಕಿಟಕಿಯ ಹತ್ತಿರ ತಂದು ಕೂರಿಸು. ಕಿಟಕಿಯಿಂದ ಮೂರಡಿಯಲ್ಲಿದ್ದ ಮಗು ಆರಡಿಗೆ ಸರಿದರೆ ಬೆಳಕು ಅರ್ಧಕ್ಕೋ, ಅದಕ್ಕಿಂತ ಕೆಳಕ್ಕೋ ಇಳಿದುಬಿಡುತ್ತೆ. ಬಿಸಿಲು ನೇರವಾಗಿ ಮುಖಕ್ಕೆ ಹೊಡೆಯೋ ಹಾಗಿದ್ದರೆ ಕಿಟಕಿಗೆ ಒಂದು ತೆಳು ಬಿಳೀ ಪಂಚೆ ಇಳಿಬಿಡು. ಹಳೇ ಕಾಲದ ಸ್ಟುಡಿಯೊಗಳಲ್ಲಿ ಉತ್ತರದ ಕಡೆ ದೊಡ್ಡ ಗಾಜು ಇಡ್ತಿದ್ದದ್ದೂ ಇದಕ್ಕೇ. ಬಿಸಿಲು ಒಳಗೆ ಬರಬಾರದು, ಬೆಳಕು ಬರಬೇಕು.

— ಸೀರಿಯಲ್ ಸೆಟ್ ಹಾಕಿದಾಗ ಚಿತ್ರದ ಮೇಲೆ ಅಡ್ಡಗೆರೆ ಬರುತ್ತಲ್ಲ?

— ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ. ಅದರಿಂದ ಉರಿಯೋ ಎಷ್ಟೋ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಟುಕುತ್ತವೆ. ಕಣ್ಣಿಗೆ ಕಾಣದ ಆ ಮಿಟುಕು ಕ್ಯಾಮೆರಾಗೆ ಗೆರೆಯಾಗಿ ಕಾಣುತ್ತೆ. ಹಗಲು ಬೆಳಕಿನಲ್ಲಿ ತೆಗೆಯೋವಾಗ ಅದನ್ನು ಆರಿಸಿಬಿಡು.

— ಸರಿ, ಬೆಳಕಾಯಿತು. ನಿಲ್ಲಿಸೋದು ಹೇಗೆ? ‘ಇಲ್ಲಿ ನೋಡು, ನಗು’ ಅಂದರೆ ದೊಡ್ಡವಳು ಹಲ್ಲು ಕಿರೀತಾಳೆ. ಚಿಕ್ಕವನಿಗೆ ಕೇಳಿಸೋದೇ ಇಲ್ಲ.

— ಯಾಕೆ ನಿಲ್ಲಿಸಬೇಕು? ಗೊಂಬೆ ಹಬ್ಬದಲ್ಲಿ ಮಕ್ಕಳಿಗೆ ಕೆಲಸವಿಲ್ಲವೇ? ಪೆಟ್ಟಿಗೆ ತೆಗೆಯೋವಾಗ ಜೊತೆಗೆ ಕೂರಿಸಿಕೋ. ಹಳೇ ಪಂಚೆ ತುಂಡಿನಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಯನ್ನು ನಿಮ್ಮಜ್ಜಿ ಬಿಚ್ಚೋವಾಗ ದೊಡ್ಡವಳ ಮುಖ ನೋಡು. ವಾರದ ಮುಂಚೆ ತಟ್ಟೆಯಲ್ಲಿ ಬಿತ್ತಿದ ರಾಗಿ ಪೈರಾಗಿರುತ್ತೆ, ಅದಕ್ಕೆ ನೀರು ಚಿಮುಕಿಸೋಕೆ ಹೇಳು. ಸೆಟ್ಟಿ ಅಂಗಡಿ ಇಡೋ ಕೆಲಸವನ್ನಂತೂ ಪೂರ್ತಿ ಅವರಿಗೇ ಬಿಡು. ದಪ್ಪ ಹೊಟ್ಟೆಯ ಸೆಟ್ಟಿ ಗೊಂಬೆ ಮುಂದೆ ಬೆರಳಗಲದ ಬಟ್ಟಲುಗಳು. ಒಂದರಲ್ಲಿ ಅಕ್ಕಿ, ಒಂದರಲ್ಲಿ ತೊಗರಿಬೇಳೆ, ಒಂದರಲ್ಲಿ ಹೆಸರುಕಾಳು, ಒಂದರಲ್ಲಿ ಬೆಲ್ಲದ ಚೂರು. ಚಿಕ್ಕವನು ಎರಡು ಬೆರಳಲ್ಲಿ ಒಂದೇ ಒಂದು ಹೆಸರುಕಾಳು ಹಿಡಿದು, ತುಟಿ ಒತ್ತಿಕೊಂಡು, ಉಸಿರು ಬಿಗಿಹಿಡಿದು ಬಟ್ಟಲಿಗೆ ಹಾಕ್ತಾನೆ. ಆಮೇಲೆ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ನಿನ್ನ ಕಡೆ ನೋಡ್ತಾನೆ. ಆಗ ಒತ್ತು.

— ಅಂದರೆ ಗೊಂಬೆ ಕೂರಿಸಿ ಮುಗಿದಮೇಲಲ್ಲ, ಕೂರಿಸೋವಾಗಲೇ ತೆಗೆಯಬೇಕು.

— ಹಬ್ಬ ಮುಗಿಸಿ ಫೋಟೊಗೆ ಅಂತ ಬೇರೆ ಹೊತ್ತು ಮಾಡಿಕೊಂಡರೆ, ಆ ಚಿತ್ರದಲ್ಲಿ ಫೋಟೊ ತೆಗೆಸಿಕೊಳ್ಳೋ ಮಕ್ಕಳು ಇರ್ತಾರೆ, ಹಬ್ಬ ಮಾಡೋ ಮಕ್ಕಳು ಇರೋದಿಲ್ಲ. ನಮ್ಮ ಮೈಸೂರಿನವರೇ ಛಾಯಾಗ್ರಾಹಕ ಟಿ. ಎಸ್. ಸತ್ಯನ್, 1923ರಲ್ಲಿ ಹುಟ್ಟಿದವರು. ಯುನಿಸೆಫ್‌ಗೆ, ವಿಶ್ವ ಆರೋಗ್ಯ ಸಂಸ್ಥೆಗೆ ಕೆಲಸ ಮಾಡಿದರು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ನ್ಯೂಯಾರ್ಕಿನ ವಿಶ್ವಸಂಸ್ಥೆ ಕೇಂದ್ರದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಚಿತ್ರಗಳ ಪುಸ್ತಕಗಳು ನಮ್ಮಲ್ಲಿವೆ, ತೆಗೆದು ನೋಡು. ಸಾಮಾನ್ಯ ಮನೆಯ, ಸಾಮಾನ್ಯ ಬೀದಿಯ ಮಕ್ಕಳು, ಅವರವರ ಕೆಲಸದಲ್ಲಿ, ಆಟದಲ್ಲಿ ಮುಳುಗಿದವರು. ಅವರ ಪಾಡಿಗೆ ಅವರನ್ನು ಬಿಟ್ಟು ತೆಗೆಯೋ ಆ ಗೌರವ ಮಕ್ಕಳಿಗೆ ಮೊದಲು ಕೊಡಬೇಕು.

— ಅದೆಲ್ಲ ದೊಡ್ಡ ಕ್ಯಾಮೆರಾದವರ ಮಾತು. ಫೋನಿನಲ್ಲಿ ನಾನೇನು ಮಾಡಲಿ?

— ಮೊದಲು ಲೆನ್ಸ್ ಒರೆಸು. ಮಕ್ಕಳಿರೋ ಮನೆಯ ಫೋನಿನ ಮೇಲೆ ತುಪ್ಪದ ಬೆರಳು ಇದ್ದೇ ಇರುತ್ತೆ, ಅದರಿಂದ ಚಿತ್ರವೆಲ್ಲ ಮಂಜು. ಆಮೇಲೆ ನೆಲದ ಮೇಲೆ ಕೂತುಕೋ. ನಿಂತು ತೆಗೆದರೆ ಮಗುವಿನ ತಲೆ ದೊಡ್ಡದು, ಕಾಲು ಮೊಟಕು. ಮಗುವಿನ ಕಣ್ಣಿನ ಮಟ್ಟಕ್ಕೆ ನೀನಿಳಿದರೆ ಹಿಂದಿನ ಗೊಂಬೆ ಮೆಟ್ಟಿಲು ಎತ್ತರಕ್ಕೆ ಏಳುತ್ತೆ. ಅವನಿಗೆ ಅದು ಕಾಣೋದೂ ಹಾಗೇ. ಮೂರನೆಯದು, ಹತ್ತಿರ ನುಗ್ಗಬೇಡ. ಫೋನಿನ ಮುಖ್ಯ ಲೆನ್ಸು ಹಳೇ ಲೆಕ್ಕದಲ್ಲಿ ಸುಮಾರು 24ರಿಂದ 26 ಮಿಲಿಮೀಟರಿನ ವೈಡ್ ಲೆನ್ಸು. ಒಂದಡಿ ದೂರದಿಂದ ತೆಗೆದರೆ ಮೂಗು ಉಬ್ಬುತ್ತೆ, ಕಿವಿ ಹಿಂದಕ್ಕೆ ಹೋಗುತ್ತೆ. ಐದಾರು ಅಡಿ ಹಿಂದೆ ಸರಿದು ಎರಡು ಪಟ್ಟು ಜೂಮ್ ಹಾಕು. ಪೋರ್ಟ್ರೇಟ್ ಮೋಡ್ ಬೇಡ. ಅದು ಲಂಗದ ಅಂಚು, ಮುಡಿದ ಮಲ್ಲಿಗೆ ಎಲ್ಲಾ ಕತ್ತರಿಸುತ್ತೆ, ಹಿಂದಿನ ಗೊಂಬೆಗಳನ್ನು ಅಳಿಸಿಹಾಕುತ್ತೆ. ಗೊಂಬೆ ಕಾಣದ ಮೇಲೆ ದಸರಾ ಚಿತ್ರ ಯಾಕೆ?

— ದೀಪದ ಹತ್ತಿರ ಒಂದಾದರೂ ಬೇಕು ಮಾವ. ನಂದಾದೀಪದ ಪಕ್ಕ ಅವಳು ಕೂತಿರೋದು.

— ರೇಷ್ಮೆ ಲಂಗ ಉಟ್ಟ ಮಗುವನ್ನು ಉರಿಯೋ ದೀಪದ ಪಕ್ಕ ಕೂರಿಸಬೇಡ. ಸಿಂಥೆಟಿಕ್ ದಾವಣಿ ಆದರೆ ಇನ್ನೂ ಅಪಾಯ, ಅದು ಕರಗಿ ಮೈಗೆ ಅಂಟುತ್ತೆ. ಮಗು ದೀಪದಿಂದ ನಾಲ್ಕಡಿ ದೂರ ಇರಲಿ. ನೀನು ಇನ್ನೂ ಹಿಂದೆ ಹೋಗಿ ಜೂಮ್ ಹಾಕಿ, ಮಗು, ದೀಪ ಎರಡೂ ಒಂದೇ ಸಾಲಿಗೆ ಬರೋ ಹಾಗೆ ನೋಡು. ದೂರದಿಂದ ತೆಗೆದಾಗ ಮುಂದಿನದು ಹಿಂದಿನದು ಒತ್ತಿಕೊಂಡು, ದೀಪ ಅವಳ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತೆ. ಸೀರಿಯಲ್ ಸೆಟ್ಟಿನ ವೈರು ಚಿಕ್ಕವನ ಕೈಗೆ ಸಿಗದ ಹಾಗೆ ಮೇಲಿನ ಮೆಟ್ಟಿಲಿಂದ ತಿರುಗಿಸು. ಆರತಿ ಎತ್ತೋ ಹೊತ್ತಿನಲ್ಲಿ ಒಬ್ಬರು ಕ್ಯಾಮೆರಾ ಬಿಟ್ಟು ಮಕ್ಕಳನ್ನೇ ನೋಡ್ತಿರಬೇಕು.

— ಇದೆಲ್ಲ ಒಪ್ಪಿದೆ. ಆದರೆ ಒಂದು ಮಾತು ಒಪ್ಪೋಕಾಗ್ತಿಲ್ಲ. ನೀವು ಹೇಳೋ ಹಾಗೆ ಕಾಳು ಹಾಕೋದು, ನೀರು ಚಿಮುಕಿಸೋದು, ಅವೆಲ್ಲ ಮುದ್ದಾದ ಚಿತ್ರಗಳೇ. ಆದರೆ ಎಲ್ಲರೂ ಸಾಲಾಗಿ ಕೂತು, ಕ್ಯಾಮೆರಾ ನೋಡೋ ಫೋಟೊಗೆ ಬೆಲೆ ಇಲ್ಲವೇ? ನಮ್ಮ ಮನೆಯಲ್ಲಿ ಮುತ್ತಜ್ಜನ ಮುಖ ಗೊತ್ತಾಗೋದೇ ಅಂಥ ಒಂದು ಗ್ರೂಪ್ ಫೋಟೊದಿಂದ. ಯಾರೂ ನಕ್ಕಿಲ್ಲ, ಎಲ್ಲರೂ ಬಿಗಿದುಕೊಂಡು ಕೂತಿದ್ದಾರೆ. ಆದರೂ ಯಾರು ಯಾರ ಪಕ್ಕ ಕೂತರು, ಯಾರ ತೊಡೆ ಮೇಲೆ ಯಾವ ಮಗು ಇತ್ತು, ಅದೇ ನಮಗೆ ವಂಶದ ದಾಖಲೆ. ಅಜ್ಜಿಯ ನೆನಪಿಗೆ ಮರಿಮಕ್ಕಳ ಬೆನ್ನು ಸಾಕೇ?

— ಸಾಕಾಗೋದಿಲ್ಲ. ನೀನು ಹೇಳಿದ್ದು ಸರಿ. ಆ ಚಿತ್ರ ತೆಗೆಯಲೇಬೇಕು. ಆದರೆ ಅದರ ಶ್ರಮ ದೊಡ್ಡವರದ್ದಾಗಲಿ, ಮಕ್ಕಳದ್ದು ಬೇಡ. ಮೊದಲು ಮಕ್ಕಳಿಲ್ಲದೆ ಎಲ್ಲಾ ಸಿದ್ಧ ಮಾಡಿಕೋ. ಅಜ್ಜಿಗೆ ಕುರ್ಚಿ, ಅವರ ಮುಖ ಕಿಟಕಿಯ ಕಡೆಗೆ. ಉಳಿದವರು ಅಕ್ಕಪಕ್ಕ, ಒಬ್ಬರ ಭುಜ ಇನ್ನೊಬ್ಬರ ಹಿಂದೆ. ಓರದಲ್ಲಿ ಯಾರೂ ಬೇಡ, ವೈಡ್ ಲೆನ್ಸು ಓರದವರನ್ನು ಎಳೆದು ದಪ್ಪ ಮಾಡುತ್ತೆ. ಫೋನನ್ನು ಎದೆಮಟ್ಟದಲ್ಲಿ, ಅಲ್ಲಾಡದ ಹಾಗೆ, ಸ್ಟೂಲಿನ ಮೇಲೆ ಪುಸ್ತಕ ಜೋಡಿಸಿ ನಿಲ್ಲಿಸು. ದೊಡ್ಡವರನ್ನೇ ಕೂರಿಸಿ ಒಂದೆರಡು ತೆಗೆದು ನೋಡು, ಬೆಳಕು ಸರಿ ಇದೆಯೇ, ಯಾರ ತಲೆಯಾದರೂ ಗೊಂಬೆ ಮೆಟ್ಟಿಲಿಗೆ ಅಡ್ಡ ಬರ್ತಿದೆಯೇ ಅಂತ. ಎಲ್ಲ ಸರಿಯಾದಮೇಲೆ ಮಕ್ಕಳನ್ನು ಕರಿ. ಚಿಕ್ಕವನು ಅಜ್ಜಿಯ ತೊಡೆ ಮೇಲೆ, ಕೈಯಲ್ಲಿ ಒಂದು ಚನ್ನಪಟ್ಟಣದ ಗೊಂಬೆ. ದೊಡ್ಡವಳು ಪಕ್ಕದಲ್ಲಿ ನಿಂತಿರಲಿ.

— ಅಷ್ಟರಲ್ಲಿ ಅತ್ತೆ ಒಂದು ಕಡೆಯಿಂದ ‘ಪುಟ್ಟಾ ಇಲ್ಲಿ ನೋಡು’, ಚಿಕ್ಕಪ್ಪ ಇನ್ನೊಂದು ಕಡೆಯಿಂದ ಚಿಟಿಕೆ.

— ಕರೆಯೋದು ಒಬ್ಬರೇ ಇರಬೇಕು. ಅವರು ಕ್ಯಾಮೆರಾದ ಹಿಂದೆಯೇ ಇರಬೇಕು. ‘ನಗು’ ಅನ್ನಬಾರದು. ಏನಾದರೂ ಕೇಳಬೇಕು: ಪಟ್ಟದ ರಾಣಿಯ ಸೀರೆ ಯಾವ ಬಣ್ಣ, ಆನೆ ಯಾವ ಮೆಟ್ಟಿಲ ಮೇಲಿದೆ ಅಂತ. ಉತ್ತರ ಹುಡುಕೋ ಮುಖಕ್ಕೆ ಜೀವ ಇರುತ್ತೆ. ಗುಂಡಿ ಒತ್ತಿ ಹಿಡಿದು ಬರ್ಸ್ಟ್‌ನಲ್ಲಿ ತೆಗಿ. ಏಳೆಂಟು ಜನ ಕೂತಾಗ ಯಾರೋ ಒಬ್ಬರು ಕಣ್ಣು ಮಿಟುಕಿಸಿರ್ತಾರೆ, ಹತ್ತಿಪ್ಪತ್ತು ಚಿತ್ರ ಇದ್ದರೆ ಒಂದಾದರೂ ಸಿಗುತ್ತೆ. ಎರಡು ನಿಮಿಷ ಅಷ್ಟೇ. ಮಗು ಇಳಿದು ಹೋಯಿತೋ, ಹೋಗಲಿ ಬಿಡು. ಹಿಡಿದು ತಂದು ಅಳಿಸಿ ಕೂರಿಸಿದರೆ, ಫೋಟೊ ಅಂದರೆ ಶಿಕ್ಷೆ ಅಂತ ಅವನು ಕಲೀತಾನೆ. ಮುಂದಿನ ವರ್ಷ ಕ್ಯಾಮೆರಾ ಕಂಡರೆ ಓಡ್ತಾನೆ.

— ನೀವು ಹೇಳೋವಾಗ ಇನ್ನೊಂದು ಹೊಳೆಯಿತು. ಐದು ವರ್ಷದ ಫೋಟೊ ತಿರುವಿ ನೋಡಿದರೆ ಮಕ್ಕಳು ಇದ್ದಾರೆ, ಅವರಪ್ಪ ಇದ್ದಾರೆ, ಅಜ್ಜಿ ಇದ್ದಾರೆ. ನಾನಿಲ್ಲ. ತೆಗೆದವಳು ನಾನೇ ಅಲ್ವಾ.

— ಅದು ಹೊಸ ಕಷ್ಟ ಅಲ್ಲ. 19ನೇ ಶತಮಾನದಲ್ಲಿ ಯುರೋಪು, ಅಮೆರಿಕದ ಸ್ಟುಡಿಯೊಗಳಲ್ಲಿ ಒಂದು ಚಿತ್ರಕ್ಕೆ ಹಲವು ಸೆಕೆಂಡು ಬೇಕಾಗ್ತಿತ್ತು. ಕೂಸು ಅಲ್ಲಾಡಬಾರದು ಅಂತ ತಾಯಿಯೇ ಅದನ್ನು ತೊಡೆ ಮೇಲೆ ಹಿಡಿದು ಕೂರ್ತಿದ್ದಳು. ಅವಳು ಕಾಣಬಾರದು ಅಂತ ಅವಳ ಮೇಲೆ ಬಟ್ಟೆ ಹೊದಿಸಿ, ಕುರ್ಚಿಯ ಹಾಗೆ ಮಾಡ್ತಿದ್ದರು. ಅಂಥ ಚಿತ್ರಗಳು ಈಗಲೂ ಉಳಿದಿವೆ. ಮಗು ಮುಂದೆ, ಹಿಂದೆ ಬಟ್ಟೆ ಹೊದ್ದ ಒಂದು ಆಕಾರ. ಆ ಬಟ್ಟೆ ಇವತ್ತು ಇಲ್ಲ, ಆದರೆ ತಾಯಿ ಇವತ್ತೂ ಚಿತ್ರದಿಂದ ಹೊರಗೇ. ಇದನ್ನು ತಪ್ಪಿಸೋದು ನಿನ್ನ ಗಂಡನ ಕೆಲಸ, ನಿನ್ನ ತಮ್ಮನ ಕೆಲಸ. ‘ನಾನೂ ಇರ್ತೀನಿ, ನೀವು ತೆಗೀರಿ’ ಅಂತ ಬಾಯಿಬಿಟ್ಟು ಹೇಳು. ದೊಡ್ಡವಳ ಕೈಗೂ ಫೋನು ಕೊಡು. ಐದು ವರ್ಷದವಳ ಎತ್ತರದಿಂದ ಅಮ್ಮ ಹೇಗೆ ಕಾಣ್ತಾಳೆ ಅನ್ನೋದು ಅವಳಿಗೆ ಮಾತ್ರ ಗೊತ್ತು.

— ತೆಗೆದದ್ದೆಲ್ಲ ಸಂಜೆಯೊಳಗೆ ನೆಂಟರ ಸ್ಟೇಟಸ್ಸಿನಲ್ಲಿ ಇರುತ್ತೆ. ಅದು ನನಗೆ ಸರಿಬರೋದಿಲ್ಲ. ಹೇಳಿದರೆ ‘ನಮ್ಮ ಮಗು ತಾನೆ’ ಅಂತಾರೆ.

— ನೀನು ಗಟ್ಟಿಯಾಗೇ ಹೇಳಬೇಕು. ಎಣ್ಣೆಸ್ನಾನದ ಚಿತ್ರ, ಬಟ್ಟೆ ಇಲ್ಲದ ಚಿತ್ರ, ಅಳೋ ಚಿತ್ರ, ಶಾಲೆಯ ಹೆಸರಿರೋ ಚಿತ್ರ, ಇವು ಮನೆ ಬಿಟ್ಟು ಹೋಗಬಾರದು. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆರಿಸಿಡು. ಇಲ್ಲದಿದ್ದರೆ ಮೂಲ ಚಿತ್ರದ ಜೊತೆಯಲ್ಲೇ ಮನೆ ಎಲ್ಲಿದೆ ಅನ್ನೋದೂ ಹೋಗುತ್ತೆ. ಗೊಂಬೆ ನೋಡೋಕೆ ಬಂದ ಅಕ್ಕಪಕ್ಕದ ಮಕ್ಕಳ ಚಿತ್ರ ತೆಗೆದರೆ ಅವರ ತಂದೆತಾಯಿಯ ಒಪ್ಪಿಗೆ ಇಲ್ಲದೆ ಯಾರಿಗೂ ಕಳಿಸಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ 18 ತುಂಬದವರನ್ನು ಮಕ್ಕಳು ಅಂತ ಹಿಡಿದು, ಅವರ ಮಾಹಿತಿ ಬಳಸೋ ಸಂಸ್ಥೆಗಳು ತಂದೆತಾಯಿಯ ಒಪ್ಪಿಗೆ ಪಡೀಬೇಕು ಅನ್ನುತ್ತೆ. ಕಾನೂನು ಕಂಪನಿಗಳಿಗೆ ಇಷ್ಟು ಹೇಳೋವಾಗ, ಮನೆಯವರು ಮಗುವನ್ನೇ ಒಂದು ಮಾತು ಕೇಳೋದು ಹೆಚ್ಚೇ? ದೊಡ್ಡವಳು ‘ಇದು ಬೇಡಮ್ಮ’ ಅಂದರೆ, ಅದು ನಿನಗೆ ಎಷ್ಟೇ ಇಷ್ಟವಾದರೂ ಕಳಿಸಬೇಡ.

— ಅಜ್ಜಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದೇ ಮನೆಯವರ ಹತ್ತಿರ ಉಳಿಯೋದು. ಅದು ಪ್ರಿಂಟ್ ಹಾಕಿಸೋಕೆ ಬರುತ್ತಾ?

— ಹಾಗೇ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತೆ. ಡಾಕ್ಯುಮೆಂಟ್ ಆಗಿ ಕಳಿಸು, ಮೂಲ ಹಾಗೇ ಹೋಗುತ್ತೆ. ಒಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ಯಾರದಾದರೂ ಮನೆಯಲ್ಲಿ. ಫೋನು ಕಳೆದರೆ ಹಬ್ಬಗಳೆಲ್ಲ ಒಂದೇ ದಿನ ಹೋಗಬಾರದು. ಮುಖ್ಯವಾಗಿ, ಆರಿಸು. ನಮ್ಮ ಕಾಲಕ್ಕೆ ಆಗ್ಫಾ ಕ್ಲಿಕ್ ಕ್ಯಾಮೆರಾಗೆ 120 ರೋಲು, ಹನ್ನೆರಡು ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನವರ ‘ಇಂದು’ ಫಿಲ್ಮು ಹಾಕಿಕೊಂಡು, ಒಂದೊಂದು ಚಿತ್ರಕ್ಕೂ ಯೋಚನೆ ಮಾಡ್ತಿದ್ದರು. ನೀನು ಸಾವಿರ ತೆಗೆದುಕೋ, ಬೇಡ ಅನ್ನೋದಿಲ್ಲ. ಹಬ್ಬಕ್ಕೆ ಹನ್ನೆರಡು ಆರಿಸಿ ಪ್ರಿಂಟ್ ಹಾಕಿಸು. ನಾಲ್ಕು-ಆರು ಅಂಗುಲ ಸಾಕು.

— ಆಲ್ಬಮ್?

— ಅಂಟು ಹಾಳೆಯ ಆಲ್ಬಮ್ ಬೇಡ. ಆ ಅಂಟು ವರ್ಷ ಕಳೆದಂತೆ ಪ್ರಿಂಟನ್ನು ಹಿಡಿದು ಹಾಳು ಮಾಡುತ್ತೆ. ಎಂಬತ್ತರ ದಶಕದ ಎಷ್ಟೋ ಬಣ್ಣದ ಪ್ರಿಂಟುಗಳು ಮಾಸಿ ಕೆಂಪಾಗಿವೆ, ಅದಕ್ಕಿಂತ ಹಿಂದಿನ ಕಪ್ಪು-ಬಿಳುಪು ಚಿತ್ರಗಳು ಚೆನ್ನಾಗೇ ಇವೆ. ಬಿಸಿಲು, ತೇವ ಎರಡೂ ತಾಗದ ಕಡೆ ಇಡು. ಹಿಂದೆ ಬರಿ: ಯಾರು, ಯಾರಿಗೆ ಏನಾಗಬೇಕು, ಯಾವ ಊರು, ಯಾವ ವರ್ಷ. ಬಾಲ್‌ಪೆನ್ನು ಒತ್ತಿ ಬರೆದರೆ ಮುಂದೆ ಗೆರೆ ಮೂಡುತ್ತೆ. ಮೆತ್ತನೆ ಪೆನ್ಸಿಲ್ಲು, ಅದು ಹಿಡಿಯದ ನಯವಾದ ಕಾಗದಕ್ಕೆ ಫೋಟೊ ಮೇಲೆ ಬರೆಯೋ ಪೆನ್ನು. ನಿಮ್ಮ ಮುತ್ತಜ್ಜನ ಗ್ರೂಪ್ ಫೋಟೊದಲ್ಲಿ ಬಲಗಡೆ ನಿಂತ ಇಬ್ಬರು ಯಾರು ಅಂತ ಈಗ ಹೇಳೋರು ನಿಮ್ಮಜ್ಜಿ ಒಬ್ಬರೇ. ಈ ರಜದಲ್ಲಿ ಅವರ ಪಕ್ಕ ಕೂತು ಆ ಹೆಸರುಗಳನ್ನು ಮೊದಲು ಬರೆದಿಡು.

— ಮಾವ, ಹೊರಗೆ ಅರಮನೆಗೆ ಲಕ್ಷದ ಹತ್ತಿರ ಬಲ್ಬು ಹಾಕಿರ್ತಾರೆ, ಊರಿಗೆ ಊರೇ ಅದನ್ನು ಫೋನಿನಲ್ಲಿ ಹಿಡೀತಿರುತ್ತೆ. ಮನೆಯೊಳಗೆ ಇಷ್ಟು ತಲೆ ಕೆಡಿಸಿಕೊಂಡು ಕಾಳು, ಬೆಲ್ಲ, ರಾಗಿ ಪೈರು ತೆಗೆಯೋದು ಯಾತಕ್ಕೆ ಅಂತ ಮಕ್ಕಳ ಅಪ್ಪ ಕೇಳಿದರೆ ಏನು ಹೇಳಲಿ?

— ಅರಮನೆಯ ಚಿತ್ರ ನೀನು ತೆಗೆಯದಿದ್ದರೂ ಇರುತ್ತೆ. ಲಕ್ಷ ಜನ ತೆಗೆದಿರ್ತಾರೆ, ನಿನಗಿಂತ ಚೆನ್ನಾಗಿ. ನಿಮ್ಮ ಹಾಲಿನಲ್ಲಿ ಈ ವರ್ಷ ಯಾರು ಯಾವ ಮೆಟ್ಟಿಲಿಗೆ ಯಾವ ಗೊಂಬೆ ಕೊಟ್ಟರು ಅನ್ನೋದನ್ನು ನೀನು ತೆಗೆಯದಿದ್ದರೆ ಇನ್ಯಾರೂ ತೆಗೆಯೋದಿಲ್ಲ. ಆ ಹುಡುಗನಿಗೆ ಎರಡು ವರ್ಷ. ಇದರಲ್ಲಿ ಯಾವುದೂ ಅವನ ನೆನಪಿನಲ್ಲಿ ಉಳಿಯೋದಿಲ್ಲ. ದೊಡ್ಡವನಾದಮೇಲೆ ಅವನು ನೋಡೋದು ತಾನೆಷ್ಟು ಮುದ್ದಾಗಿದ್ದೆ ಅಂತ ಅಲ್ಲ. ಈ ಮನೆಯಲ್ಲಿ ಹಬ್ಬ ಹೇಗೆ ನಡೀತಿತ್ತು, ನನಗೆ ಅದರಲ್ಲಿ ಏನು ಕೆಲಸ ಕೊಟ್ಟಿದ್ದರು, ಯಾರ ಜೊತೆ ಕೂತಿದ್ದೆ ಅಂತ.

— ಹಾಗಿದ್ದರೆ ನಿಮ್ಮ ಪಟ್ಟಿಯಲ್ಲೂ ಒಂದು ಬಿಟ್ಟುಹೋಗಿದೆ. ಗೊಂಬೆ ಮುಂದೆ ಇಷ್ಟು ಜನ ಕೂರೋ ಹೊತ್ತಿಗೆ ದೊಡ್ಡಮ್ಮ ಅಡುಗೆಮನೆಯಲ್ಲೇ ಇರ್ತಾರೆ. ಬರೋ ಮಕ್ಕಳಿಗೆ ಗೊಂಬೆ ಬಾಗಿನ ಅಂತ ದಿನಕ್ಕೊಂದು ತಿಂಡಿ ಆಗಬೇಕು. ಚಕ್ಕುಲಿ ಒತ್ತೋದು, ರವೆ ಉಂಡೆ ಕಟ್ಟೋದು. ಚಿಕ್ಕವನು ದಿನಾ ಬೆಳಗ್ಗೆ ಅವರ ಸೆರಗು ಹಿಡಿದೇ ನಿಂತಿರ್ತಾನೆ. ಆ ಹೊತ್ತು ಗೊಂಬೆಗಿಂತ ಅದೇ ಅವನ ಹಬ್ಬ.

— ಅಲ್ಲಿ ಬೆಳಕು ಹೇಗಿದೆ?

— ಒಲೆಯ ಎದುರಿಗೇ ಕಿಟಕಿ. ಉಂಡೆ ಕಟ್ಟೋದು ಒಲೆಯಿಂದ ದೂರ, ನೆಲದ ಮೇಲೆ ಕೂತು. ಪಾಡ್ಯದ ದಿನ ಅಲ್ಲಿಂದಲೇ ಶುರು ಮಾಡ್ತೀನಿ. ಮೊದಲನೇ ಚಿತ್ರ ದೊಡ್ಡಮ್ಮನದು, ಹಿಂದೆ ಅವರ ಹೆಸರು ಬರೆದು.